ಪೆಟ್ಟಿಗೆಯ ತಳದ ಪ್ಲೇಟುಗಳು

ಮಳೆಗಾಲದಲ್ಲಿ ಶಿವಮೊಗ್ಗದ ಮನೆಗಳಲ್ಲಿ ಬೂಷ್ಟು ಹಿಡಿಯದ ವಸ್ತು ಸಿಗುವುದು ಕಷ್ಟ. ಆರಿದ್ರೆ ಮಳೆ ಹಿಡಿಯಿತೆಂದರೆ ಬೀರುವಿನೊಳಗಿನ ಬೆಲ್ಟು, ಮೂಲೆಯ ಚಪ್ಪಲಿ, ಪುಸ್ತಕದ ರಟ್ಟು, ದೇವರ ಪಟದ ಹಿಂಬದಿಯ ಹಲಗೆ, ಎಲ್ಲದರ ಮೇಲೂ ಬೂದುಬಣ್ಣದ ಪದರವೊಂದು ಬಂದು ಕೂರುತ್ತದೆ. ಪುನರ್ವಸು, ಪುಷ್ಯ ಕಳೆದು ಬಿಸಿಲು ಕಾಣುವವರೆಗೂ ಅದರ ಜೊತೆ ಜಗಳ ತಪ್ಪಿದ್ದಲ್ಲ. ನಮ್ಮ ಮನೆಯಲ್ಲಿ ಈ ಜಗಳ ಹೆಚ್ಚಾಗಿ ನಡೆಯುವುದು ನಡುಕೋಣೆಯ ಮರದ ಕಪಾಟಿನ ಮುಂದೆ. ಅದರ ತುಂಬ ಹಳೆಯ ಗ್ರಾಮಫೋನ್ ಪ್ಲೇಟುಗಳಿವೆ. ನಿಮಿಷಕ್ಕೆ 78 ಸುತ್ತು ತಿರುಗುವ, ಕೈಜಾರಿದರೆ ಹಪ್ಪಳವಾಗುವ ಕಪ್ಪು ಪ್ಲೇಟುಗಳು. ಕಾಗದದ ಕವರಿನಿಂದ ಹೊರಗೆ ಎಳೆದರೆ ಮೇಲೆಲ್ಲ ಬಿಳಿ ಚುಕ್ಕೆ. ಒಂದು ಪಂಚೆಯ ತುಂಡು, ಒಂದು ಬಟ್ಟಲು ತಣ್ಣೀರು, ಅದರಲ್ಲಿ ಒಂದೇ ತೊಟ್ಟು ಸೋಪು. ನಡುವಿನ ಲೇಬಲ್ಲಿಗೆ ನೀರು ತಾಕದಂತೆ ಹಿಡಿದು, ಗೆರೆ ಹೋದ ದಿಕ್ಕಿಗೇ ಬಟ್ಟೆಯನ್ನು ಒಯ್ಯುತ್ತ ಒರೆಸಬೇಕು. ಆಮೇಲೆ ಗೋಡೆಗೆ ಒರಗಿಸಿ ನೆರಳಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.

ಒರೆಸಲು ಸ್ಪಿರಿಟ್ ಮುಟ್ಟಲೇಬಾರದು. ಕಾರಣ ನಮ್ಮೂರಿನ ಬಡಗಿಗಳಿಗೆ ಚೆನ್ನಾಗಿ ಗೊತ್ತು. ಬೀಟೆ ಮರದ ಮಂಚಕ್ಕೆ ಪಾಲಿಶ್ ಹಾಕುವಾಗ ಅವರು ಅರಗನ್ನು ಕರಗಿಸುವುದು ಅದೇ ಸ್ಪಿರಿಟ್ಟಿನಲ್ಲಿ. ಹಳೆಯ ಪ್ಲೇಟೂ ಅರಗಿನದೇ. ಅರಗಿನ ಜೊತೆ ಕಲ್ಲಿನ ನುಣುಪಾದ ಪುಡಿ, ಕಾಡಿಗೆ, ಒಂದಿಷ್ಟು ಹತ್ತಿಯ ನಾರು ಸೇರಿಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿದರೆ ಪ್ಲೇಟು. ಪಾಂಡವರನ್ನು ಸುಡಲು ದುರ್ಯೋಧನ ಮನೆ ಕಟ್ಟಿಸಿದ್ದು ಇದೇ ಅರಗಿನಿಂದ. ಮುತ್ತುಗದ ಮರದ ರೆಂಬೆಗೆ ಅಂಟಿ ಕೂತ ಸಣ್ಣ ಹುಳು ಸ್ರವಿಸುವ ಅಂಟು ಅದು. ಆ ಕಾಲಕ್ಕೆ ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ, ಅದರಲ್ಲೂ ಛೋಟಾನಾಗಪುರದ ಕಾಡುಗಳಿಂದ. ನಮ್ಮ ದೇಶದ ಮರದ ಅಂಟು ಹಡಗು ಹತ್ತಿ ನ್ಯೂಯಾರ್ಕಿಗೋ ಲಂಡನ್ನಿಗೋ ಹೋಗಿ, ಅಲ್ಲಿ ಹಾಡು ತುಂಬಿಸಿಕೊಂಡು, ಮತ್ತೆ ಹಡಗು ಹತ್ತಿ ಇಲ್ಲಿಗೇ ಬರುತ್ತಿತ್ತು. ಪ್ಲೇಟು ಒರೆಸುವಾಗ ಇದು ನೆನಪಾದರೆ ಕೈ ತಾನಾಗಿ ಮೃದುವಾಗುತ್ತದೆ.

ನನ್ನ ಪ್ಲೇಟುಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಭದ್ರಾವತಿಯಲ್ಲಿ. ಶಿವಮೊಗ್ಗದಿಂದ ಸುಮಾರು 20 ಕಿಲೋಮೀಟರ್. ಬಸ್ಸಿನಲ್ಲಿ ಕೂತು ಕಿಟಕಿಯಾಚೆಯ ಅಡಿಕೆ ತೋಟ, ಗದ್ದೆ ನೋಡುತ್ತಿದ್ದಂತೆ ಊರು ಬಂದುಬಿಡುತ್ತದೆ. ಎರಡೂ ಊರಿನ ಸ್ವಭಾವ ಮಾತ್ರ ಬೇರೆ. ಶಿವಮೊಗ್ಗ ಪೇಟೆಯ ಊರು, ಕಚೇರಿಗಳ ಊರು. ಭದ್ರಾವತಿ ಕಾರ್ಖಾನೆಯ ಊರು. 1918ರಲ್ಲಿ ಮೈಸೂರು ಸರ್ಕಾರ ಕೈಗೆತ್ತಿಕೊಂಡ ಕಬ್ಬಿಣದ ಕೆಲಸ 1923ರಲ್ಲಿ ಬೀಡು ಕಬ್ಬಿಣ ಹೊರತಂದಿತು. ಮಲೆನಾಡಿನ ಕಟ್ಟಿಗೆಯನ್ನು ಇದ್ದಿಲು ಮಾಡಿ ಆ ಕುಲುಮೆಗೆ ಉಣಿಸುತ್ತಿದ್ದರು. ವಿಶ್ವೇಶ್ವರಯ್ಯನವರ ಹಟ, ಅಮೆರಿಕದ ಇಂಜಿನಿಯರ್ ಸಿ.ಪಿ. ಪೆರಿನ್ ಅವರ ಸಲಹೆ, ಕೆಮ್ಮಣ್ಣುಗುಂಡಿಯ ಅದಿರು ಎಲ್ಲ ಕೂಡಿ ಆದ ಊರು ಅದು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕೆಲಸಕ್ಕೆಂದು ತಮಿಳರು, ತೆಲುಗರು, ಮಲಯಾಳಿಗಳು, ಕರಾವಳಿಯ ಕೊಂಕಣಿ ಕ್ರೈಸ್ತರು, ಹಳೇ ಮೈಸೂರಿನವರು ಎಲ್ಲ ಬಂದರು. ಬಂದವರು ತಮ್ಮ ತಮ್ಮ ಹಾಡುಗಳನ್ನೂ ತಂದರು.

ಈಗ ಕಾರ್ಖಾನೆಯ ಕ್ವಾರ್ಟರ್ಸುಗಳು ಖಾಲಿಯಾಗುತ್ತಿವೆ. ನಿವೃತ್ತರು ಮಕ್ಕಳ ಜೊತೆ ಬೆಂಗಳೂರು ಸೇರುತ್ತಾರೆ, ಅಟ್ಟದ ಮೇಲಿನ ಸಾಮಾನು ಗುಜರಿಗೆ ಬರುತ್ತದೆ. ನಾನು ಹೋಗುವ ಗುಜರಿ ಅಂಗಡಿಯ ಸಾಹೇಬರಿಗೆ ಪ್ಲೇಟುಗಳೆಂದರೆ ತಲೆನೋವು. "ಇದು ಕಬ್ಬಿಣ ಅಲ್ಲ, ತಾಮ್ರ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ರದ್ದಿಗೂ ಹೋಗಲ್ಲ. ಯಾವ ಲೆಕ್ಕದಲ್ಲಿ ಹಾಕ್ಲಿ ಸಾರ್?" ಅನ್ನುತ್ತಾರೆ. ತಕ್ಕಡಿಗೆ ಹತ್ತದ ಸಾಮಾನಾದ್ದರಿಂದಲೇ ಅವು ಮೂಲೆಯಲ್ಲಿ ಉಳಿದಿರುತ್ತವೆ. ಆಗಾಗ ಯಾರೋ ಬಂದು ಹೋಟೆಲ್ಲಿನ ಗೋಡೆಯ ಅಲಂಕಾರಕ್ಕೆ, ನಡುವಿಗೆ ಗಡಿಯಾರ ಕೂರಿಸುವುದಕ್ಕೆ ಎಂದು ಹತ್ತಿಪ್ಪತ್ತು ಒಯ್ಯುತ್ತಾರೆ. ಅದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹಾಡುವ ಬಾಯಿಗೆ ಮೊಳೆ ಹೊಡೆದ ಹಾಗೆ.

ಒಂದು ಸಲ ಅಲ್ಲಿ ತಗಡಿನ ಟ್ರಂಕೊಂದು ಸಿಕ್ಕಿತು. ಮೇಲಿನ ಸಾಲಿನಲ್ಲಿ ನಾಯಿ ಮಾರ್ಕಿನ ಕನ್ನಡ ನಾಟಕದ ಪದಗಳು. ಅದರ ಕೆಳಗೆ ಕಾಳಿಂಗರಾಯರ ಭಾವಗೀತೆಗಳು. ಅದರ ಕೆಳಗೆ ಮದರಾಸಿನ ಸರಸ್ವತಿ ಸ್ಟೋರ್ಸಿನ ಓಡಿಯನ್ ಪ್ಲೇಟುಗಳು, ತಮಿಳಿನವು. ಸಾಹೇಬರು ಟ್ರಂಕು ಬೋರಲು ಹಾಕುತ್ತೇನೆಂದಾಗ ನಾನೇ ತಡೆದು ಒಂದೊಂದಾಗಿ ಎತ್ತಿದೆ. ತಳದಲ್ಲಿ ಕವರಿಲ್ಲದ ಕೆಲವು ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಬ್ಬೆರಳಿನಿಂದ ಲೇಬಲ್ ಉಜ್ಜಿದೆ. ಬ್ರನ್ಸ್‌ವಿಕ್ ಕಂಪನಿ. ಚಿನ್ನದ ಬಣ್ಣದ ಅಕ್ಷರಗಳಲ್ಲಿ ಜಿಮ್ಮಿ ಲನ್ಸ್‌ಫರ್ಡ್ ಮತ್ತು ಅವನ ಆರ್ಕೆಸ್ಟ್ರಾ ಎಂದಿತ್ತು. ಹಾಡಿನ ಹೆಸರು 'ಫಾರ್ ಡಾನ್ಸರ್ಸ್ ಓನ್ಲಿ'. ಜಾಝ್ ಎಂದರೆ ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್ ಎಂಬಷ್ಟು ಮಾತ್ರ ಕೇಳಿದ್ದ ನನಗೆ ಅದು ಹೊಸ ಹೆಸರು.

ಟ್ರಂಕು ಕೊಟ್ಟ ಮನೆಯ ವಿಳಾಸ ಕೇಳಿಕೊಂಡು ನ್ಯೂಟೌನಿನ ಕಡೆ ಹೋದೆ. ಜಗಲಿಯಲ್ಲಿ ಅಕ್ಕಿ ಆರಿಸುತ್ತ ಕೂತ ಅಜ್ಜಿ. "ಅಜ್ಜೀ, ಆ ಇಂಗ್ಲಿಷ್ ಪ್ಲೇಟುಗಳು ಯಾರು ಕೇಳ್ತಿದ್ದದ್ದು?" ಅಂದೆ. ಮೊರ ಕೆಳಗಿಟ್ಟರು. "ನಮ್ಮನೆಯವರು ಮಗಾ. ಯುದ್ಧದ ಕಾಲಕ್ಕೆ ಬೆಂಗಳೂರಲ್ಲಿ ವಿಮಾನದ ಕಾರ್ಖಾನೇಲಿದ್ರು. ಅಮೆರಿಕದ ಸೋಲ್ಜರುಗಳು ವಾಪಸ್ ಹೊರಟಾಗ ಸಾಮಾನೆಲ್ಲ ಮಾರಿ ಹೋದ್ರಂತೆ. ಅದರಲ್ಲಿ ತಂದದ್ದು. ರಾತ್ರಿಪಾಳಿ ಮುಗಿಸಿ ಬಂದು ಚಾವಿ ಕೊಡೋರು. ನಂಗೆ ಮೊದಮೊದಲು ಗದ್ದಲ ಅನ್ನಿಸೋದು. ಆಮೇಲೆ ರೊಟ್ಟಿ ತಟ್ಟೋವಾಗ ಕೈ ಅದೇ ಲೆಕ್ಕಕ್ಕೆ ಹೋಗೋದು ನೋಡು" ಅಂದರು. ಅಂದು ಮೊರದ ಅಂಚಿಗೆ ಬೆರಳಿನಿಂದ ನಾಲ್ಕು ಸಲ ತಟ್ಟಿದರು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು ಬಿತ್ತು. ಸ್ವಿಂಗ್ ಎಂಬ ಕುಣಿತದ ಜಾಝ್ ಕೇಳುವವರು ಚಿಟಿಕೆ ಹೊಡೆಯುವುದು ಆ ಜಾಗಗಳಲ್ಲೇ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಜ್ಜಿಗೆ ಅದು ಬೆರಳಲ್ಲೇ ಇತ್ತು.

ಬೆಂಗಳೂರಿನ ಆ ಕಥೆ ನಿಜವಾದ ಇತಿಹಾಸ. 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ಸೇನೆಯ ವಾಯುಪಡೆಗೆ ಒಪ್ಪಿಸಲಾಗಿತ್ತು. 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ ಅಲ್ಲಿ ಯುದ್ಧವಿಮಾನಗಳ ರಿಪೇರಿ ನಡೆಯುತ್ತಿತ್ತು. ಸಾವಿರಾರು ಮೈಲಿ ದೂರದಿಂದ ಬಂದ ಹುಡುಗರಿಗೆ ಸಂಜೆ ಹೊತ್ತು ಬೇಕಾಗಿದ್ದದ್ದು ತಮ್ಮೂರಿನ ಸಂಗೀತ. ಆಗ ಅವರೂರಿನ ಸಂಗೀತವೆಂದರೆ ಸ್ವಿಂಗ್.

ಪ್ಲೇಟು ಮನೆಗೆ ತಂದು, ತೊಳೆದು, ಒಣಗಿಸಿ, ಹಾಕಿದೆ. ಎಲ್‌ಪಿ ಓದುವ ಸಣ್ಣ ಮುಳ್ಳು 78ರ ಗೆರೆಗೆ ಸಾಲದು. ಗೆರೆಯ ತಳಕ್ಕೆ ಬಿದ್ದು ಬರೀ ಕಸವನ್ನು ಓದುತ್ತದೆ. ಅದರ ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು, ಅದು ಗೆರೆಯ ಎರಡೂ ಗೋಡೆಗೆ ಒರಗಿ ನಡೆಯುತ್ತದೆ. ಅಂಥ ಮುಳ್ಳು ಹಾಕಿ ಕೂತೆ. ಮೊದಲು ಬಾಣಲೆಯಲ್ಲಿ ಸಾಸಿವೆ ಸಿಡಿಯುವ ಸದ್ದು. ಆಮೇಲೆ ಎಲ್ಲೂ ಅವಸರವಿಲ್ಲದ, ಎಲ್ಲೂ ನಿಲ್ಲದ ಒಂದು ನಡಿಗೆ. ಸ್ಯಾಕ್ಸೊಫೋನುಗಳ ಗುಂಪು ಒಂದು ಪುಟ್ಟ ಮಾತು ಹೇಳುತ್ತದೆ, ಟ್ರಂಪೆಟ್ಟು, ಟ್ರಾಂಬೋನುಗಳ ಗುಂಪು ಅದಕ್ಕೆ ಉತ್ತರ ಕೊಡುತ್ತದೆ. ಅದೇ ಮಾತು ಮತ್ತೆ, ಅದೇ ಉತ್ತರ ಮತ್ತೆ. ಆದರೆ ಪ್ರತಿ ಸಲವೂ ಬಿಸಿ ಒಂದಿಷ್ಟು ಏರಿರುತ್ತದೆ. ಡ್ರಮ್ಮು ಎಲ್ಲಿಯೂ ಮೇಲೆ ಬೀಳುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ. ಕೊನೆಗೆ ಒಂದು ಟ್ರಂಪೆಟ್ಟು ಉಳಿದವರೆಲ್ಲರ ತಲೆಯ ಮೇಲೆ ನಿಂತು ಕೂಗುತ್ತದೆ. ಮುಗಿಯಿತು. ಹತ್ತಿಂಚಿನ ಪ್ಲೇಟಿನ ಒಂದು ಬದಿ ಹಿಡಿಸುವುದು ಮೂರು ನಿಮಿಷದ ಆಸುಪಾಸು. ಅಷ್ಟರಲ್ಲಿ ಹದಿನಾಲ್ಕೈದು ಜನ ಮಾತಾಡಿ, ಒಪ್ಪಿ, ವಾದಿಸಿ, ಒಂದಾಗಿಬಿಟ್ಟಿದ್ದರು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು, ನಾನು ಎದ್ದು ಮತ್ತೆ ಮುಳ್ಳು ಮೊದಲಿಗಿಟ್ಟೆ.

ಆಮೇಲೆ ಅವನ ಬಗ್ಗೆ ಹುಡುಕಿ ಓದಿದೆ. ಲನ್ಸ್‌ಫರ್ಡ್ ಮೂಲತಃ ಮೇಷ್ಟ್ರು. ಮೆಂಫಿಸ್ ನಗರದ ಮನಾಸಸ್ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ. ಅಲ್ಲಿನ ವಿದ್ಯಾರ್ಥಿಗಳನ್ನೇ ಕೂಡಿಸಿ ಬ್ಯಾಂಡು ಕಟ್ಟಿದ. ಕರಿಯರ ಮಕ್ಕಳಿಗೆ ಬಾಗಿಲುಗಳೆಲ್ಲ ಮುಚ್ಚಿದ್ದ ಕಾಲದಲ್ಲಿ ಆ ಹುಡುಗರು ಮೇಷ್ಟ್ರ ಹಿಂದೆ ಹೊರಟು 1934ರ ಹೊತ್ತಿಗೆ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನ ವೇದಿಕೆ ಹತ್ತಿದರು. ನನಗೆ ಸಿಕ್ಕ ಹಾಡು 1937ರದ್ದು. ಅದನ್ನು ವಾದ್ಯಗಳಿಗೆ ಹಂಚಿ ಬರೆದವನು ಸೈ ಆಲಿವರ್, ಆತನೂ ಅದೇ ತಂಡದ ಟ್ರಂಪೆಟ್ ವಾದಕ. ಕುಣಿಯುವವರು ಈ ತಂಡಕ್ಕಾಗಿ ಕಾಯುತ್ತಿದ್ದರು. ಲನ್ಸ್‌ಫರ್ಡ್ 1947ರಲ್ಲಿ, 45ನೇ ವಯಸ್ಸಿಗೆ ತೀರಿಕೊಂಡ. ಇವತ್ತು ಸ್ವಿಂಗ್ ಎಂದರೆ ಜನ ಹೇಳುವುದು ಬೆನ್ನಿ ಗುಡ್‌ಮನ್, ಗ್ಲೆನ್ ಮಿಲ್ಲರ್. ಗುಡ್‌ಮನ್ ದೊಡ್ಡ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. 1938ರ ಜನವರಿಯಲ್ಲಿ ಶಾಸ್ತ್ರೀಯ ಸಂಗೀತದ ಮನೆಯಾದ ಕಾರ್ನೆಗಿ ಹಾಲಿನಲ್ಲಿ ಜಾಝ್ ಮೊಳಗಿಸಿದವನು. ಆದರೆ ಅವನಿಗೆ ಹೆಸರು ತಂದ ಹಾಡುಗಳಲ್ಲಿ ಎಷ್ಟೋ ಫ್ಲೆಚರ್ ಹೆಂಡರ್ಸನ್ ಎಂಬ ಕರಿಯ ಸಂಗೀತಗಾರ ವಾದ್ಯಕ್ಕೆ ಅಳವಡಿಸಿದವು. ಹೆಂಡರ್ಸನ್ನನ ಸ್ವಂತ ತಂಡ ದುಡ್ಡಿಲ್ಲದೆ ನಿಂತುಹೋಗಿತ್ತು. ಸಂಗೀತ ಎಲ್ಲರಿಗೂ ಕೇಳಿಸಿತು, ಬರೆದವನ ಹೆಸರು ಕೆಲವರಿಗಷ್ಟೇ ತಿಳಿಯಿತು.

ನನಗೆ ಸ್ವರ ಓದಲು ಬರುವುದಿಲ್ಲ. ಕೇಳಿದ್ದು ಸರಿಯೇ ಎಂದು ತಿಳಿಯಲು ನಮ್ಮೂರಿನ ಮದುವೆ ಬ್ಯಾಂಡಿನ ಹಿರಿಯ ಕ್ಲಾರಿನೆಟ್ ವಾದಕರೊಬ್ಬರನ್ನು ಮನೆಗೆ ಕರೆದೆ. ಎಷ್ಟೋ ಮದುವೆ ದಿಬ್ಬಣ, ಗಣಪತಿ ಮೆರವಣಿಗೆಗಳಲ್ಲಿ ಗಾಂಧಿ ಬಜಾರಿನ ಉದ್ದಕ್ಕೂ ಊದುತ್ತ ನಡೆದವರು. ಕಾಫಿ ಕುಡಿದು, ಕಣ್ಣು ಮುಚ್ಚಿ ಕೇಳಿದರು. ಪ್ಲೇಟು ಮುಗಿದ ಮೇಲೆ ಸುಮಾರು ಹೊತ್ತು ಮಾತಿಲ್ಲ. "ಏನು ಮಾಸ್ಟ್ರೇ?" ಅಂದೆ. "ಎಲ್ಲಾ ಒಂದೇ ಸಲ ಉಸಿರು ತಗೊಳ್ತಾವ್ರೆ ಸಾರ್. ಊದೋದು ಕಲಿಸಬಹುದು. ಒಟ್ಟಿಗೆ ಉಸಿರು ತಗೊಳ್ಳೋದು ಕಲಿಸೋಕೆ ವರ್ಷಗಟ್ಟಲೆ ಬೇಕು. ಇವರ ಮಾಸ್ಟ್ರು ಭಾರಿ ಶಿಸ್ತಿನ ಮನುಷ್ಯ ಇರಬೇಕು" ಅಂದರು. ಲನ್ಸ್‌ಫರ್ಡ್ ಮೇಷ್ಟ್ರಾಗಿದ್ದ ಸಂಗತಿ ನಾನಿನ್ನೂ ಅವರಿಗೆ ಹೇಳಿರಲಿಲ್ಲ.

ಅದೇ ಟ್ರಂಕಿನ ಇನ್ನೊಂದು ಪ್ಲೇಟು ನನ್ನನ್ನು ಕಲ್ಕತ್ತೆಗೆ ಒಯ್ದಿತು. ಕೊಲಂಬಿಯಾ ಲೇಬಲ್, ಹಾಡು ಅಮೆರಿಕದ್ದು, ಆದರೆ ಒತ್ತಿದ್ದು ಡಂ ಡಂ ಕಾರ್ಖಾನೆಯಲ್ಲಿ. ತಂಡದ ನಾಯಕ ಟೆಡ್ಡಿ ವೆದರ್‌ಫರ್ಡ್. 1903ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಪಿಯಾನೋ ವಾದಕ. ಷಿಕಾಗೋದಲ್ಲಿ ಅರ್ಸ್‌ಕಿನ್ ಟೇಟ್ ತಂಡದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ನುಡಿಸಿದವನು. 1926ರಲ್ಲಿ ಏಷ್ಯಾಕ್ಕೆ ಹೊರಟ. ಶಾಂಘೈ, ಮನಿಲಾ, ಸಿಂಗಪುರ, ಮುಂಬಯಿಯ ತಾಜ್ ಹೋಟೆಲು, ಕೊಲಂಬೊ ಎಂದು ತಿರುಗಿ ಯುದ್ಧದ ವರ್ಷಗಳಲ್ಲಿ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿನಲ್ಲಿ ನೆಲೆಯೂರಿದ. ಅವನ ತಂಡದಲ್ಲಿ ಆಂಗ್ಲೋ ಇಂಡಿಯನ್ನರು, ಗೋವೆಯವರು, ಬರ್ಮಾದಿಂದ ಓಡಿಬಂದವರು ಎಲ್ಲರೂ ಕೂತು ನುಡಿಸುತ್ತಿದ್ದರು. 1945ರ ಏಪ್ರಿಲ್‌ನಲ್ಲಿ ಕಾಲರಾ ತಗುಲಿ ಅಲ್ಲೇ ತೀರಿಕೊಂಡ, 41 ವರ್ಷ. ನಮ್ಮ ಅಜ್ಜಂದಿರ ಕಾಲದಲ್ಲಿ ಮಲೆನಾಡಿನ ಊರುಗಳನ್ನು ಬರಿದು ಮಾಡಿದ ಅದೇ ಕಾಲರಾ. ಅಮೆರಿಕದ ಜಾಝ್ ಚರಿತ್ರೆಯಲ್ಲಿ ಅವನಿಗೆ ಒಂದೆರಡು ಸಾಲು ಸಿಗುತ್ತದೆ, ನಮ್ಮ ಸಂಗೀತದ ಚರಿತ್ರೆಯಲ್ಲಿ ಅದೂ ಇಲ್ಲ. ಅವನು ನಮ್ಮ ಮಣ್ಣಿನಲ್ಲೇ ಮಲಗಿದ್ದಾನೆ, ಅವನ ಪಿಯಾನೋ ನಮ್ಮ ಅರಗಿನಲ್ಲೇ ಉಳಿದಿದೆ.

ವೆದರ್‌ಫರ್ಡ್‌ನ ಪ್ಲೇಟುಗಳಿಗೆ ಇನ್ನೊಂದು ಮಹತ್ವವೂ ಉಂಟು. ಯುದ್ಧ ಬಂದು ಅರಗು ಸಿಗದಂತಾಗಿ 1942ರಲ್ಲಿ ಅಮೆರಿಕದಲ್ಲಿ ಪ್ಲೇಟು ತಯಾರಿಕೆಗೆ ಬಳಸುವ ಅರಗನ್ನು ಸರ್ಕಾರ ವಿಪರೀತ ಕಡಿತ ಮಾಡಿತು. ಹಳೆಯ ಪ್ಲೇಟುಗಳನ್ನು ಒಡೆದು ಅರೆದು ಹೊಸತು ಮಾಡುತ್ತಿದ್ದರು. ಎಷ್ಟು ಹಾಡು ಹಾಗೆ ಪುಡಿಯಾಯಿತೋ. ಸಾಲದ್ದಕ್ಕೆ ಅದೇ ವರ್ಷದ ಆಗಸ್ಟ್ 1ರಿಂದ ಅಲ್ಲಿನ ಸಂಗೀತಗಾರರ ಸಂಘ ಧ್ವನಿಮುದ್ರಣವನ್ನೇ ನಿಲ್ಲಿಸಿತು. ದೊಡ್ಡ ಕಂಪನಿಗಳ ಜೊತೆ ಒಪ್ಪಂದ ಪೂರ್ತಿಯಾದದ್ದು 1944ರ ನವೆಂಬರಿನಲ್ಲಿ. ಅಮೆರಿಕದ ಸ್ಟುಡಿಯೋಗಳು ಬಹುಮಟ್ಟಿಗೆ ಮೌನವಾಗಿದ್ದ ಆ ಕಾಲದಲ್ಲಿ ಅರಗಿನ ತವರಾದ ನಮ್ಮಲ್ಲಿ, ಕಲ್ಕತ್ತೆಯಲ್ಲಿ, ವೆದರ್‌ಫರ್ಡ್ ಸ್ವಿಂಗ್ ಮುದ್ರಿಸುತ್ತಿದ್ದ.

ಮುಂಬಯಿಯ ಕಥೆ ಅದಕ್ಕೂ ಮೊದಲಿನದು. 1935ರಲ್ಲಿ ಲಿಯೊನ್ ಆಬಿ ಎಂಬಾತ ಕರಿಯ ಸಂಗೀತಗಾರರ ತಂಡವೊಂದನ್ನು ತಾಜ್ ಹೋಟೆಲಿಗೆ ಕರೆತಂದ. ಕೇಳಲು ಕೂತ ಶ್ರೀಮಂತರಿಗಿಂತ ಹೆಚ್ಚು ಆಸೆಯಿಂದ ಕೇಳಿದವರು ಗೋವೆಯ ಹುಡುಗರು. ಪೋರ್ಚುಗೀಸರ ಆಡಳಿತದಲ್ಲಿ ಗೋವೆಯ ಚರ್ಚ್ ಶಾಲೆಗಳು ಮಕ್ಕಳಿಗೆ ಪಿಟೀಲು, ಸ್ವರಲಿಪಿ ಕಲಿಸುತ್ತಿದ್ದವು. ಓದಲು ಬರುವ ಕಣ್ಣು, ನುಡಿಸಲು ಬರುವ ಕೈ ಇದ್ದವರಿಗೆ ಸ್ವಿಂಗ್ ಬೇಗ ಒಲಿಯಿತು. ಅಲ್ಡೋನಾ ಹಳ್ಳಿಯ ಆಂಟೋನಿಯೊ ಝೇವಿಯರ್ ವಾಝ್, ಚಿಕ್ ಚಾಕೊಲೇಟ್ ಎಂಬ ಹೆಸರಿನಲ್ಲಿ ಟ್ರಂಪೆಟ್ ಊದಿ ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಅನ್ನಿಸಿಕೊಂಡ. ಸ್ವಾತಂತ್ರ್ಯ ಬಂದು ಕ್ಲಬ್ಬುಗಳ ಸಂಭ್ರಮ ಇಳಿದಾಗ ಇವರಲ್ಲಿ ಬಹಳ ಮಂದಿ ಹಗಲು ಹೊತ್ತು ಸಿನಿಮಾ ಸ್ಟುಡಿಯೋಗಳಿಗೆ ನಡೆದರು. 1951ರ 'ಅಲ್‌ಬೇಲಾ' ಚಿತ್ರದಲ್ಲಿ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಜೊತೆ ಚಿಕ್ ಚಾಕೊಲೇಟ್ ದುಡಿದ, ಪರದೆಯ ಮೇಲೂ ತನ್ನ ತಂಡದ ಸಮೇತ ಕಾಣಿಸಿಕೊಂಡ. ಆಂಟನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ ಅವರಂಥವರು ಸಂಗೀತ ನಿರ್ದೇಶಕರು ಹಾಡಿ ತೋರಿಸಿದ ರಾಗವನ್ನು ಐವತ್ತು, ಅರವತ್ತು ವಾದ್ಯಗಳಿಗೆ ಹಂಚಿ ಬರೆದುಕೊಟ್ಟರು. ಪ್ಲೇಟಿನ ಲೇಬಲ್ಲಿನಲ್ಲಿ ಅವರ ಹೆಸರಿಗೆ ಜಾಗವಿರಲಿಲ್ಲ.

ಇಷ್ಟಾದ ಮೇಲೆ ನನ್ನ ಬಾಲ್ಯದ ಕಿವಿ ನೆನಪಾಯಿತು. ಆಗ ನಮ್ಮ ಜಿಲ್ಲೆಯವರಿಗೆ ರೇಡಿಯೋ ಎಂದರೆ ಭದ್ರಾವತಿ. ಆಕಾಶವಾಣಿ ಭದ್ರಾವತಿ, 675 ಕಿಲೋಹರ್ಟ್ಸ್. ಅಡಿಕೆ ಸುಲಿಯುವ ಚಪ್ಪರದಲ್ಲಿ, ಹೇರ್ ಕಟಿಂಗ್ ಅಂಗಡಿಯಲ್ಲಿ, ಎಮ್ಮೆ ಕರೆಯುವ ಕೊಟ್ಟಿಗೆಯಲ್ಲಿ ಅದೇ ನಿಲಯ. ಅದರಲ್ಲಿ ಬರುತ್ತಿದ್ದ ಕನ್ನಡ ಚಿತ್ರಗೀತೆಗಳ ನಡುನಡುವೆ ಒಂದು ಹಿತ್ತಾಳೆ ಹೊಳಪು ಕೇಳಿಸುತ್ತಿತ್ತು. 1968ರಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ 'ಜೇಡರ ಬಲೆ'ಯಲ್ಲಿ ಬಂದಾಗ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದ ಕ್ಲಬ್ಬಿನ ಲೋಕವನ್ನು ಕಿವಿಯಿಂದಲೇ ತೋರಿಸಿತು. ಎಲ್.ಆರ್. ಈಶ್ವರಿ ದನಿಯ ಹಿಂದೆ ಸ್ಯಾಕ್ಸೊಫೋನು ಜಾರುತ್ತಿತ್ತು, ರಾಜನ್ ನಾಗೇಂದ್ರ ಅವರ ಹಾಡುಗಳಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಗಿಟಾರು ನಡಿಗೆ ಹಾಕುತ್ತಿತ್ತು. ಆಗ ಅವು ನನಗೆ ಹಾಡಿನ ನಡುವಿನ ಮ್ಯೂಸಿಕ್ ಅಷ್ಟೇ. ಲನ್ಸ್‌ಫರ್ಡ್ ಕೇಳಿದ ಮೇಲೆ ಅದೇ ಹಳೆಯ ಹಾಡುಗಳನ್ನು ಹಾಕಿದರೆ ಕಿವಿ ಮೊದಲು ಹೋಗುವುದು ಆ ನಡುವಿನ ಜಾಗಕ್ಕೆ. ಅಲ್ಲಿ ಊದಿದವರು ಯಾರು, ಯಾವ ಊರಿನವರು, ದಿನಕ್ಕೆ ಎಷ್ಟು ಸಂಬಳ ಪಡೆದರು ಎಂದು ಮನಸ್ಸು ಕೇಳುತ್ತದೆ. ಸ್ವಿಂಗ್ ನಮ್ಮೂರಿಗೆ ಹೊಸದಾಗಿ ಬರಬೇಕಾಗಿರಲಿಲ್ಲ. ಅಡಿಕೆ ಚಪ್ಪರದಲ್ಲಿ ಅದು ಮೊದಲೇ ಬಂದು ಕೂತಿತ್ತು.

ಮೊನ್ನೆ ವಿನೋಬನಗರದ ಮದುವೆಯೊಂದಕ್ಕೆ ಹೋಗಿದ್ದೆ. ಧಾರೆಯ ಹೊತ್ತಿಗೆ ವಾಲಗದ ಜಾಗದಲ್ಲಿ ಸ್ಯಾಕ್ಸೊಫೋನ್. ಈಗ ನಮ್ಮ ಕಡೆ ಇದು ಮಾಮೂಲು. ಕರಾವಳಿಯಿಂದ ಘಟ್ಟ ಹತ್ತಿ ಬಂದ ರೂಢಿ. ಬಿಳಿ ಪಂಚೆ, ಹಣೆಗೆ ಗಂಧ, ಕೈಯಲ್ಲಿ ಬೆಲ್ಜಿಯಂನ ಅಡೋಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ, ಅದರಲ್ಲಿ ಮೋಹನ ರಾಗ. ಜನ ಊಟದ ಹಾಲಿನ ಕಡೆ ಸರಿಯುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೂತೆ. ಈ ವಾದ್ಯ ಮಂಟಪದೊಳಗೆ ಬಂದ ದಾರಿ ನೆನೆದರೆ ಬೆರಗಾಗುತ್ತದೆ. ಬಂಟ್ವಾಳ ತಾಲೂಕಿನ ಸಜಿಪದ ಹುಡುಗ, ನಾಗಸ್ವರದ ಮನೆತನದವನು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಅದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸುವೆನೆಂದು ಹಟ ಹಿಡಿದು, ಗಮಕ ಬರುವಂತೆ ವಾದ್ಯವನ್ನೇ ಒಂದಿಷ್ಟು ಮಾರ್ಪಡಿಸಿ, ಕದ್ರಿ ಗೋಪಾಲನಾಥರಾದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ತಾನೂ ವೇದಿಕೆ ಹತ್ತಿ ಜೊತೆಗೂಡಿ ನುಡಿಸಿದರು. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕುಣಿತದ ಹಾಲುಗಳ ವಾದ್ಯ ನಮ್ಮಲ್ಲಿ ಮಾಂಗಲ್ಯಧಾರಣೆಗೆ ಊದುವ ಮಂಗಳವಾದ್ಯವಾಯಿತು. ಯಾರೂ ಅದನ್ನು ಪರಕೀಯ ಎನ್ನಲಿಲ್ಲ. ನಮ್ಮ ಜನಕ್ಕೆ ಒಳ್ಳೆಯ ನಾದ ಕೇಳಿಸಿದರೆ ಊರು ಕೇಳುವ ಅಭ್ಯಾಸವಿಲ್ಲ. ಇದು ನಮ್ಮ ದೊಡ್ಡ ಗುಣ ಎಂದು ನಾನು ನಂಬಿದ್ದೇನೆ.

ಆ ಗುಣವಿದ್ದೂ ಉಳಿಸಿಕೊಳ್ಳುವ ಕೆಲಸದಲ್ಲಿ ನಾವು ಹಿಂದೆ. 1963ರಲ್ಲಿ ಡ್ಯೂಕ್ ಎಲಿಂಗ್ಟನ್ ತನ್ನ ಇಡೀ ತಂಡದೊಂದಿಗೆ ಏಷ್ಯಾ ಪ್ರವಾಸ ಬಂದಾಗ ಬೆಂಗಳೂರಿನಲ್ಲೂ ನುಡಿಸಿದ. ಜಾನಿ ಹಾಜಸ್, ಹ್ಯಾರಿ ಕಾರ್ನಿ ಅವರಂಥ ಸ್ಯಾಕ್ಸೊಫೋನ್ ದಿಗ್ಗಜರು ನಮ್ಮೂರಿನಿಂದ ಒಂದು ರಾತ್ರಿಯ ಪ್ರಯಾಣದ ದೂರದಲ್ಲಿ ಕೂತು ಊದಿದ್ದರು. ಆ ಪ್ರವಾಸದ ನೆನಪಿನಿಂದ ಹುಟ್ಟಿದ 'ಫಾರ್ ಈಸ್ಟ್ ಸ್ವೀಟ್' ಜಗತ್ತಿನ ತುಂಬ ಹೆಸರಾಯಿತು. ಆ ಸಂಜೆ ಬೆಂಗಳೂರಿನಲ್ಲಿ ಕೂತು ಕೇಳಿದ ನಮ್ಮವರ ನೆನಪುಗಳನ್ನು ಕನ್ನಡದಲ್ಲಿ ಯಾರಾದರೂ ಬರೆದಿಟ್ಟಿದ್ದರೆ ನಾನು ತಲೆಯ ಮೇಲೆ ಹೊತ್ತು ಓದುತ್ತಿದ್ದೆ. ಮಹಾರಾಜ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ಲೇಟುಗಳನ್ನು ಸಾವಿರಗಟ್ಟಲೆ ಕೂಡಿಟ್ಟಿದ್ದರು, ರಷ್ಯಾದ ಸಂಗೀತ ರಚನಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣವಾಗಲಿ ಎಂದು ಹಣ ಕೊಟ್ಟಿದ್ದರು. ಅರಮನೆಯ ಸಂಗ್ರಹಕ್ಕೆ ಚರಿತ್ರೆ ಸಿಕ್ಕಿತು. ಕಾರ್ಖಾನೆಯ ಕ್ವಾರ್ಟರ್ಸಿನ ತಗಡಿನ ಟ್ರಂಕಿಗೂ ಚರಿತ್ರೆ ಇದೆ, ಅದನ್ನು ಬರೆಯಬೇಕಾದವರು ನಾವು, ನೀವು.

ನನ್ನ ತೀರ್ಮಾನ ಇಷ್ಟು. ಸ್ವಿಂಗ್ ಕಾಲದ ಅತಿ ಒಳ್ಳೆಯ ಸಂಗೀತದಲ್ಲಿ ಬಹುಪಾಲನ್ನು ಮಾಡಿದವರು ದೊಡ್ಡ ಹೆಸರಾಗದೆ ಹೋದರು. ಮೆಂಫಿಸ್ಸಿನ ಮೇಷ್ಟ್ರು, ಕಲ್ಕತ್ತೆಯಲ್ಲಿ ಕಣ್ಣು ಮುಚ್ಚಿದ ಪಿಯಾನೋ ವಾದಕ, ಅಲ್ಡೋನಾದ ಟ್ರಂಪೆಟ್ಟಿನವನು, ನಮ್ಮ ಚಿತ್ರಗೀತೆಗಳ ನಡುವೆ ಊದಿ ಮನೆಗೆ ಹೋದವರು, ಎಲ್ಲ ಒಂದೇ ಮನೆತನದವರು. ಅವರಲ್ಲಿ ಕೆಲವರ ಹೆಸರು ಈಗ ಪ್ಲೇಟಿನ ಲೇಬಲ್ಲಿನಲ್ಲಿ ಮಾತ್ರ ಇದೆ. ನಿಮ್ಮ ಮನೆಯ ಅಟ್ಟದ ಮೇಲೆ, ಮಾವನ ಮನೆಯ ಮಂಚದ ಕೆಳಗೆ, ಖಾಲಿ ಮಾಡುತ್ತಿರುವ ಕ್ವಾರ್ಟರ್ಸಿನ ಮೂಲೆಯಲ್ಲಿ ಇಂಥ ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕುವ ಮೊದಲು ತಳದವರೆಗೂ ನೋಡಿ. ಲೇಬಲ್ಲುಗಳ ಮೇಲಿನ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಆ ಪ್ಲೇಟುಗಳನ್ನು ಕೇಳಿದ ಹಿರಿಯರು ಇನ್ನೂ ಮನೆಯಲ್ಲಿದ್ದರೆ, ದಯವಿಟ್ಟು, ಇವತ್ತೇ ಅವರ ಹತ್ತಿರ ಕೂತು ಕೇಳಿ.